ಒಂದು ಉಪಚುನಾವಣೆ, ಎರಡು ಪಾಠಗಳು



ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಹೋದವರಿಗೆ ಕಾಲಭೈರವೇಶ್ವರನ ಗುಡಿ, ಹುಲ್ಲು ಹೊದ್ದ ಬೆಟ್ಟಗಳು, ಮಂಜು ನೆನಪಿರುತ್ತವೆ. ಈ ಕಾಫಿ ಸೀಮೆಯ ಮತದಾರರತ್ತ 1978ರಲ್ಲಿ ಇಡೀ ದೇಶವೇ ತಿರುಗಿ ನೋಡಿತ್ತು.

ತುರ್ತುಪರಿಸ್ಥಿತಿಯ ನಂತರ, 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತಿದ್ದರು. ಅವರಿಗಾಗಿ ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ಬಿಟ್ಟುಕೊಟ್ಟವರು ಇದೇ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. 1978ರ ನವೆಂಬರ್‌ನಲ್ಲಿ ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಆಗ ಮೊಳಗಿದ ಹಿಂದಿ ಘೋಷಣೆಯೊಂದು ಅವರನ್ನು ಒಂಟಿ ಸಿಂಹಿಣಿಯೆಂದೂ ವಿರೋಧಿಗಳನ್ನು ನೂರು ಕೋತಿಗಳೆಂದೂ ಕರೆಯಿತು. ಮೊದಲ ಪಾಠ ಇಲ್ಲಿದೆ. ಬಡವರಿಗೆ ಅನುಕೂಲ ಮಾಡುವುದೇ ಜನಪ್ರಿಯತಾವಾದವಲ್ಲ. ದೇವರಾಜ ಅರಸು ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆ ಶಾಸನಸಭೆ ಒಪ್ಪಿದ ಕಾನೂನು. ಅದರಿಂದ ಗೇಣಿದಾರನಿಗೆ ದೊರೆತದ್ದು ಹಕ್ಕು, ಕೃಪೆಯಲ್ಲ. ‘ಜನರೆಂದರೆ ನಾನೇ, ನನ್ನನ್ನು ಒಪ್ಪದವರು ಜನರೇ ಅಲ್ಲ’ ಎನ್ನುವುದು ಜನಪ್ರಿಯತಾವಾದ. ಇದನ್ನು ನಂಬಿದವರ ಕಣ್ಣಿಗೆ ಪ್ರತಿಪಕ್ಷ, ಪತ್ರಿಕೆ, ನ್ಯಾಯಾಲಯಗಳೆಲ್ಲ ಜನದ್ರೋಹಿಗಳಾಗಿ ಕಾಣುತ್ತವೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿಯೆಂದು ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು.

ಎರಡನೆಯ ಪಾಠ ಅಧಿಕಾರದಲ್ಲಿದ್ದ ವಿರೋಧಿಗಳಿಗೆ ಸಂಬಂಧಿಸಿದ್ದು. ಪ್ರಧಾನಿಯಾಗಿದ್ದಾಗ, ಲೋಕಸಭೆಯ ಪ್ರಶ್ನೆಯೊಂದಕ್ಕೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆ 1978ರ ಡಿಸೆಂಬರ್ 19ರಂದು ಇಂದಿರಾ ಅವರನ್ನು ಉಚ್ಚಾಟಿಸಿ ಸೆರೆಮನೆಗೂ ಕಳುಹಿಸಿತು. ಮತದಾರರ ತೀರ್ಪು ಒಂದೂವರೆ ತಿಂಗಳೊಳಗೆ ಅಳಿಸಿಹೋಯಿತು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಮಾಡಿತು. ಆಗ ಬಹುಮತ ಅವರ ಪಕ್ಷದ್ದಾಗಿತ್ತು! ನ್ಯಾಯ-ಅನ್ಯಾಯಗಳು ತಲೆ ಎಣಿಕೆಯೊಂದಿಗೆ ಬದಲಾದರೆ ಸಾಮಾನ್ಯ ಮತದಾರನಿಗೆ ರಕ್ಷಣೆ ಎಲ್ಲಿ?

ಈ ಅಪಾಯ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಹಂಗೇರಿಯಲ್ಲಿ 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಗಳಿಸಿದವರು ಮರುವರ್ಷವೇ ಪ್ರತಿಪಕ್ಷಗಳ ಸಮ್ಮತಿಯಿಲ್ಲದೆ ಹೊಸ ಸಂವಿಧಾನ ತಂದರು. ಚುನಾವಣೆ ಪ್ರಜಾಪ್ರಭುತ್ವದ ಬಾಗಿಲು ಮಾತ್ರ; ಗೆದ್ದವರಿಗೂ ಮಿತಿಯಿದೆ ಎಂಬುದು ಅದರ ಗೋಡೆ.

ಇನ್ನು ಮುಂದೆ ಚುನಾವಣಾ ಭಾಷಣ ಕೇಳುವಾಗ ಎರಡು ಪ್ರಶ್ನೆ ಹಾಕಿಕೊಳ್ಳಿ: ಇವರು ಸೋತರೆ ಸೋಲನ್ನು ಒಪ್ಪುವರೇ? ಗೆದ್ದರೆ, ತಮಗೆ ಮತ ಹಾಕದವರ ಮಾತನ್ನೂ ಆಲಿಸುವರೇ?