ಲುಕೇಮಿಯಾ ಚಿಕಿತ್ಸೆಯಲ್ಲಿರುವ ಮಗುವಿಗೆ ಎಳನೀರು ಕೊಡಬಹುದೇ?

ಪ್ರಶ್ನೆ: ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಬಂದಿರುವ ಅಣ್ಣನ ಮಗನಿಗೆ ತೋಟದ ಎಳನೀರು ಕೊಡಬಹುದೇ? ಹೊತ್ತಲ್ಲದ ಹೊತ್ತಲ್ಲಿ ಊಟ ಕೇಳುತ್ತಾನೆ, ಯಾಕೆ?
– ಓದುಗರು, ತುರುವೇಕೆರೆ

ಉತ್ತರ: ಒಡೆಯದ ಕಾಯಿಯೊಳಗಿನ ನೀರು ಶುದ್ಧವೇ. ನನ್ನ ಅನುಮಾನವೆಲ್ಲ ಮಚ್ಚಿನ ಮೇಲೆ! ಕೀಮೋದಿಂದ ಬಿಳಿರಕ್ತಕಣ ತಗ್ಗಿರುವಾಗ ಸಣ್ಣ ಕೊಳೆಯೂ ಸೋಂಕಾದೀತು. ಕಾಯಿ, ಮಚ್ಚು ಎರಡನ್ನೂ ತೊಳೆದು, ಕೆತ್ತಿದ ಕೂಡಲೇ ಲೋಟಕ್ಕೆ ಬಗ್ಗಿಸಿ. ಎಳನೀರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡಕ್ಕೆ ತೊಂದರೆಯಿದ್ದರೆ ಅಪಾಯ. ಹಾಗಾಗಿ ಮೊದಲು ವೈದ್ಯರನ್ನು ಕೇಳಿ.

ಹುಡುಗ ಕೊಬ್ಬರಿ ಅಟ್ಟ ಹತ್ತುವುದು, ಮಟ್ಟೆ ರಾಶಿಯಲ್ಲಿ ಆಡುವುದು ಸದ್ಯಕ್ಕೆ ಬೇಡ; ಅಲ್ಲಿನ ಧೂಳು, ಬೂಷ್ಟು ಶ್ವಾಸಕೋಶಕ್ಕಿಳಿಯುತ್ತದೆ.

ಹಸಿವು, ಊದಿದ ಕೆನ್ನೆ, ಸಿಡುಕು ಸಾಮಾನ್ಯವಾಗಿ ಚಿಕಿತ್ಸೆಯಲ್ಲಿ ಕೊಡುವ ಸ್ಟೀರಾಯ್ಡ್ ಕೆಲಸ, ಗದರಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.