ಸಮುದ್ರವೇ ಹೊಲವಾದ ವರ್ಲಿ ಕೋಳಿವಾಡ

ಬಾಂದ್ರಾ ಕಡೆಯಿಂದ ಸೀ ಲಿಂಕ್ ಮೇಲೆ ವರ್ಲಿಗೆ ಬರುವವರಿಗೆ ಎಡಗಡೆ ಒಂದು ಸಣ್ಣ ಕೋಟೆ, ಅದಕ್ಕೆ ಒತ್ತಿಕೊಂಡ ಬಣ್ಣಬಣ್ಣದ ಗಿಡ್ಡ ಮನೆಗಳು, ದಡದಲ್ಲಿ ದೋಣಿಗಳ ಸಾಲು ಕಾಣುತ್ತದೆ. ಫೋಟೊ ತೆಗೆಯುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ. ಸೇತುವೆ 2009ರದು. ಕೆಳಗಿರುವ ಮೀನುಗಾರರ ಕೇರಿ ಮುಂಬಯಿ ಇನ್ನೂ ಏಳು ದ್ವೀಪಗಳಾಗಿ ಚದುರಿದ್ದ ಕಾಲದ್ದು. ಆ ಏಳರಲ್ಲಿ ವರ್ಲಿಯೂ ಒಂದು. 1784ರ ಹೊತ್ತಿಗೆ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟಿ ಅದನ್ನು ಮುಖ್ಯ ದ್ವೀಪಕ್ಕೆ ಸೇರಿಸಿದರು.

ಒಳಗೆ ಹೋಗಬೇಕಾದರೆ ನಡೆದೇ ಹೋಗಬೇಕು. ಓಣಿಗಳು ಎಷ್ಟು ಕಿರಿದೆಂದರೆ ಎದುರಿಗೆ ಬುಟ್ಟಿ ಹೊತ್ತವರು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ತುದಿಯಲ್ಲಿ ಸಿಗುವ ಕೋಟೆ ಪೋರ್ಚುಗೀಸರದೆಂದು ಹೇಳುವವರಿದ್ದಾರೆ. ಕಟ್ಟಿದವರು ಬ್ರಿಟಿಷರು, 1675ರ ಸುಮಾರಿಗೆ. ಶತ್ರು ಹಡಗುಗಳ ಮೇಲೆ ಕಣ್ಣಿಡಲು ಕಟ್ಟಿದ್ದರ ಒಳಗೆ ಈಗ ಒಂದು ಪುಟ್ಟ ಗುಡಿಯಿದೆ. ಊರ ಹುಡುಗರು ಅದನ್ನು ವ್ಯಾಯಾಮಶಾಲೆಯಾಗಿಯೂ ಬಳಸಿದ್ದಾರೆ. ಸ್ಮಾರಕಕ್ಕೆ ಬೇಲಿ ಹಾಕಿ ಟಿಕೆಟ್ ಹಚ್ಚುವುದಕ್ಕಿಂತ ಇದೇ ವಾಸಿ ಎನಿಸುತ್ತದೆ ನನಗೆ.

ಊರದೇವತೆ ಗೋಲ್ಫಾದೇವಿ, ಗುಡ್ಡದ ಮೇಲಿದ್ದಾಳೆ. ಇಲ್ಲಿನ ಮೀನುಗಾರ ಸಮುದಾಯವಾದ ಕೋಳಿ ಜನ ಮುಖ್ಯ ಕೆಲಸಕ್ಕೆ ಕೈಹಾಕುವ ಮುನ್ನ ಅವಳಲ್ಲಿ ‘ಕೌಲ್’ ಕೇಳುತ್ತಾರೆ, ನಮ್ಮ ಹಳ್ಳಿಗಳಲ್ಲಿ ದೇವರ ಹೂಪ್ರಸಾದ ಕೇಳುವ ಹಾಗೆ. ಜೂನ್, ಜುಲೈ ಎರಡು ತಿಂಗಳು ಮಹಾರಾಷ್ಟ್ರದ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಬಲೆಗಳ ಹರುಕು ಹೊಲಿಯುವುದು, ದೋಣಿಗೆ ಬಣ್ಣ ಬಳಿಯುವುದು ಎಲ್ಲ ಆಗ. ಶ್ರಾವಣದ ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಹಾಡಿ ಕುಣಿದು ಹೊಸ ಹಂಗಾಮು ಹಿಡಿಯುತ್ತಾರೆ. ಊರು ನೋಡಲು ಹೋಗುವವರಿಗೆ ಒಳ್ಳೆಯ ದಿನ ಅದೇ.

ದೋಣಿ ಗಂಡಸರದು, ಮೀನು ದಡಕ್ಕೆ ಬಿದ್ದ ಮೇಲೆ ಅದರ ಯಜಮಾನಿಕೆ ಹೆಂಗಸರದು. ವಿಂಗಡಿಸುವುದು, ಬೆಲೆ ಕಟ್ಟುವುದು, ಮಾರುಕಟ್ಟೆಗೆ ಒಯ್ಯುವುದು, ದುಡ್ಡಿನ ಲೆಕ್ಕ ಎಲ್ಲವೂ ಅವರ ಕೈಯಲ್ಲಿ. ಮಲ್ಪೆ, ಗಂಗೊಳ್ಳಿ ಕಂಡವರಿಗೆ ಇದು ಹೊಸದೇನಲ್ಲ. ಸುರ್ಮಯಿ ಅಂದರೆ ನಮ್ಮ ಅಂಜಲ್, ಪಾಪ್ಲೆಟ್ ಅಂದರೆ ಮಾಂಜಿ ಎಂದು ತಿಳಿದುಕೊಂಡರೆ ವ್ಯಾಪಾರ ನಡೆದುಹೋಗುತ್ತದೆ. ನಮ್ಮ ಕರಾವಳಿಯ ಮೀನುಗಾರರಾದ ಮೊಗವೀರರು 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ತಮ್ಮ ಮಂಡಳಿ ಕಟ್ಟಿಕೊಂಡವರು. ಈ ನಗರದ ಕಡಲು ಕನ್ನಡ ಕರಾವಳಿಗೆ ಅಪರಿಚಿತವಲ್ಲ.

ಮುಂಬಯಿಯ ಕೋಳಿವಾಡಗಳಲ್ಲಿ ಬೊಂಬಿಲ್ ಒಣಹಾಕುವ ಬಗೆಯನ್ನು ನಿಂತು ನೋಡಬೇಕು. ಮೈತುಂಬ ನೀರಿರುವ ಮೆತ್ತನೆಯ ಮೀನು ಅದು. ನೆಲಕ್ಕೆ ಹರವಿದರೆ ಮುದ್ದೆಯಾದೀತು. ಅದಕ್ಕೇ ಎರಡು ಮೀನು ತೆಗೆದುಕೊಂಡು ಒಂದರ ದವಡೆಯೊಳಗೆ ಇನ್ನೊಂದರ ದವಡೆ ಸಿಕ್ಕಿಸುತ್ತಾರೆ. ಗಂಟಿಲ್ಲ, ದಾರವಿಲ್ಲ. ಬಿದಿರ ಕಂಬಗಳ ನಡುವೆ ಎಳೆದ ಹಗ್ಗದ ಮೇಲೆ ಆ ಜೋಡಿಯನ್ನು ಜೋತುಬಿಟ್ಟರೆ ಉಳಿದದ್ದು ಗಾಳಿ ಬಿಸಿಲಿನ ಕೆಲಸ. ವಾಸನೆ? ಇರುತ್ತದೆ. ಸುತ್ತ ಗೋಪುರದಂಥ ಫ್ಲಾಟುಗಳೆದ್ದ ಮೇಲೆ ಮೂಗು ಮುಚ್ಚಿಕೊಳ್ಳುವವರು ಹೆಚ್ಚಿದ್ದಾರೆ ಅಷ್ಟೆ.

ಈ ಊರಿನ ಈಚಿನ ದೊಡ್ಡ ಜಗಳ ಸೇತುವೆಯ ಕಂಬಗಳದ್ದು. ಕಡಲಂಚಿನ ಹೊಸ ಹೆದ್ದಾರಿಯಾದ ಕೋಸ್ಟಲ್ ರೋಡನ್ನು ಸೀ ಲಿಂಕಿಗೆ ಜೋಡಿಸುವಾಗ ಕ್ಲೀವ್‌ಲ್ಯಾಂಡ್ ಬಂದರಿನಿಂದ ದೋಣಿಗಳು ಹೊರಡುವ ದಾರಿಗೇ ಕಂಬಗಳು ಬಂದವು. ಎರಡು ಕಂಬಗಳ ನಡುವೆ 60 ಮೀಟರ್ ಬಿಟ್ಟಿದ್ದೇವೆ, ಸಾಲದೇ ಎಂದಿತು ನಗರಪಾಲಿಕೆ. ನಕಾಶೆಯ ಮೇಲೆ ಸಾಲುತ್ತದೆ. ಆದರೆ ಸೆಳೆತ ಜೋರಿರುವಾಗ, ಗಾಳಿ ಅಡ್ಡ ಹೊಡೆಯುವಾಗ ಸಣ್ಣ ದೋಣಿ ಎಳೆದ ಗೆರೆಯ ಮೇಲೆ ನಡೆಯುವುದಿಲ್ಲ. ಕಂಬಕ್ಕೆ ಬಡಿದರೆ ಹೋಯಿತು. ಮೀನುಗಾರರು ಕಡಲಿಗಿಳಿದು ಕೆಲಸ ತಡೆದರು. 160 ಮೀಟರ್ ಬೇಕೆಂದು ಪಟ್ಟು ಹಿಡಿದರು. ಕೊನೆಗೆ 2022ರ ಡಿಸೆಂಬರಿನಲ್ಲಿ ಸರ್ಕಾರ ಒಂದು ಕಂಬವನ್ನೇ ಕೈಬಿಟ್ಟು 120 ಮೀಟರಿಗೆ ಒಪ್ಪಿತು. ಅಷ್ಟು ದೊಡ್ಡ ಯೋಜನೆಯ ನಕಾಶೆಯನ್ನು ಓದು ಬಲ್ಲ ಎಂಜಿನಿಯರುಗಳಲ್ಲ, ನೀರು ಬಲ್ಲವರು ತಿದ್ದಿಸಿದರು. ಆದರೆ ದಡದ ಹತ್ತಿರದ ಬಂಡೆಗಳಲ್ಲಿ ಏಡಿ, ಸಿಗಡಿ, ಕಲ್ಲಿಗಂಟಿದ ಚಿಪ್ಪುಗಳನ್ನು ಹೆಕ್ಕಿ ಬದುಕುತ್ತಿದ್ದವರಿಗೆ ಈ ಗೆಲುವಿನಿಂದ ಏನೂ ದಕ್ಕಲಿಲ್ಲ. ಆ ಬಂಡೆಗಳಲ್ಲಿ ಎಷ್ಟೋ ಮಣ್ಣು ತುಂಬಿದ ಜಾಗದಡಿ ಸೇರಿದವು.

ನೆಲದ ಮೇಲಿನ ತಕರಾರು ಬೇರೆಯೇ ಇದೆ. ಕೋಳಿವಾಡದ ಗಡಿ ಎಲ್ಲಿಯವರೆಗೆ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಊರಿನ ಒಂದು ಭಾಗಕ್ಕೆ ಕೊಳೆಗೇರಿ ಎಂಬ ಹಣೆಪಟ್ಟಿ ಅಂಟಿಸಲು ಹೊರಟಾಗ ಜನ ತಿರುಗಿಬಿದ್ದರು. ಹಣೆಪಟ್ಟಿ ಬಿದ್ದರೆ ಪುನರ್ವಸತಿಯ ಗೋಪುರದಲ್ಲಿ ಒಂದು ಫ್ಲಾಟು ಸಿಗಬಹುದು. ಬಲೆ ಹರವಲು, ದೋಣಿ ಎಳೆದಿಡಲು, ಮೀನು ಒಣಹಾಕಲು ಆರನೇ ಮಹಡಿಯಲ್ಲಿ ಜಾಗ ಕೊಡುವವರಾರು? ಗಡಿ ಗುರುತಿಸುವಾಗ ಅಂಗಳ, ದಡ, ಒಣಹಾಕುವ ಬಯಲು ಎಲ್ಲವೂ ಊರೆಂದೇ ಲೆಕ್ಕಕ್ಕೆ ಬರಬೇಕು ಎನ್ನುವುದು ಕೋಳಿಗಳ ಪಟ್ಟು.