ನಿಧಿ ಅಲ್ರೀ, ಡಬ್ಬಿ

ಬಾದಾಮಿ, ಐಹೊಳೆ ಕಡೆ ಕಲ್ಲಿನ ಸಂದಿಗೆ ಕೈಹಾಕಿ ತಡಕಾಡುವ ಅಪರಿಚಿತನನ್ನು ಕಂಡರೆ ಊರವರಿಗೆ ಮೊದಲು ಹೊಳೆಯುವುದು ಒಂದೇ: ನಿಧಿಗಳ್ಳ. ಅದು ಅವರ ತಪ್ಪಲ್ಲ. ಹಾಳುಗುಡಿಯ ಗರ್ಭಗುಡಿ ಅಗೆದು ಹೋದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದೇನೂ ಅಲ್ಲ. ಅಂಥ ಕಡೆ, ಮೊಬೈಲಿಗಿಂತ ದಪ್ಪನೆಯ ಯಂತ್ರವೊಂದನ್ನು ಹಿಡಿದು ಬಗ್ಗಿ ನಿಂತಿದ್ದ ನನ್ನನ್ನು ಕುರಿ ಕಾಯುತ್ತಿದ್ದ ಅಜ್ಜ ಕೇಳಿದ: 'ಏನ್ ಹುಡಕಾಕತ್ತೀರಿ ಸರ?' ನಾನು ಹುಷಾರಾಗಿ 'ನಿಧಿ' ಎಂಬ ಮಾತು ತಪ್ಪಿಸಿ 'ಕ್ಯಾಶ್' ಎಂದೆ. ಅಜ್ಜ ಹತ್ತಿರ ಬಂದು ದನಿ ತಗ್ಗಿಸಿದ: 'ಎಷ್ಟೈತಿ?'

ನಾನು ಆಡುತ್ತಿದ್ದ ಆಟದ ಹೆಸರು ಜಿಯೋಕ್ಯಾಶಿಂಗ್. ಇದರಲ್ಲಿ ಕ್ಯಾಶ್ ಎಂದರೆ ರೊಕ್ಕವಲ್ಲ, ಬಚ್ಚಿಟ್ಟ ಡಬ್ಬಿ. ಯಾರೋ ಒಬ್ಬರು ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಇನ್ನೊಬ್ಬರು ಜಿಪಿಎಸ್ ಹಿಡಿದು ಹೋಗಿ ಹುಡುಕುತ್ತಾರೆ. ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗಿನದೇನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಇಡಬೇಕು. ಅಷ್ಟೇ ಆಟ. ಹುಟ್ಟಿದ್ದು 2000ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕದ ಸೇನೆ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದ ಮೇರೆಗೆ ಮೇ 1ರ ಮಧ್ಯರಾತ್ರಿ ಆ ಕಲಬೆರಕೆ ನಿಂತಿತು. ನೂರು ಮೀಟರ್ ಅತ್ತಿತ್ತ ತೋರಿಸುತ್ತಿದ್ದ ಯಂತ್ರಗಳು ಬೆಳಗಾಗುವಷ್ಟರಲ್ಲಿ ಹತ್ತಿಪ್ಪತ್ತು ಮೀಟರಿಗೆ ಬಂದವು. ಮೇ 3ರಂದು ಆರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬಾತ ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು ಅದರ ಸ್ಥಾನ ಸಾರಿದ. ಮೂರೇ ದಿನದಲ್ಲಿ ಇಬ್ಬರು ಅದನ್ನು ಮುಟ್ಟಿದರು.

ಕಲಿಯಲಿಕ್ಕೆ ಹುನಗುಂದದ ಎರಿ ಹೊಲಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬಿಳಿಜೋಳ ಕಿತ್ತಾದ ಮೇಲೆ ಅಲ್ಲಿ ಆಕಾಶಕ್ಕೆ ಅಡ್ಡ ಬರುವುದು ಒಂದೊಂದು ಬನ್ನಿಗಿಡ, ಅಷ್ಟೇ. ಇಳಕಲ್ಲಿನ ಗೆಳೆಯನೊಬ್ಬ ತನ್ನ ಹೊಲದ ಬದುವಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದ. ಅದರಲ್ಲಿ ಕಿರು ನೋಟ್‌ಬುಕ್, ಪೆನ್ಸಿಲ್, ಇಳಕಲ್ ಸೀರೆಯ ಸೆರಗಿನ ಒಂದು ತುಂಡು. ನಾನು ಯಂತ್ರ ಹಚ್ಚಿ ಒಂದೇ ನಿಮಿಷಕ್ಕೆ ಹೊರಟೆ. ಅವನು ತಡೆದ. 'ಬದುವಿನ ಮ್ಯಾಲ ಇಡು, ಚಾ ಕುಡಿ.'

ಆ ಚಹಾಕ್ಕೆ ಕಾರಣವಿದೆ. ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಕಂಡರೆ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದು ಗೊತ್ತಾಗುತ್ತದೆ. ಮೂರು ಜಾಗಕ್ಕೆ, ನಾಲ್ಕನೆಯದು ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದಲಿಕ್ಕೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಪ್ರತಿ ಉಪಗ್ರಹ ತನ್ನ ದಾರಿಯ ವಿವರವನ್ನು 30 ಸೆಕೆಂಡಿಗೊಮ್ಮೆ ಒಪ್ಪಿಸುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಬೆಂಗಳೂರಿನಲ್ಲಿ ಆರು ತಿಂಗಳು ಕಪಾಟಿನಲ್ಲಿದ್ದ ಯಂತ್ರಕ್ಕೆ ಹುನಗುಂದದಲ್ಲಿ ಕಣ್ಣು ಬಿಡಲು ಅಷ್ಟು ಹೊತ್ತಾದರೂ ಕೊಡಬೇಡವೇ?

ಎರಡನೇ ಪಾಠ ಪರದೆಯಲ್ಲಿ ಗುರಿಯ ದಿಕ್ಕು ತೋರುವ ಬಾಣದ್ದು. ಹೊಸಬರು ನಿಂತಲ್ಲೇ ನಿಂತು ಬಾಣ ನೋಡುತ್ತಾರೆ. ದಿಕ್ಸೂಚಿ ಇಲ್ಲದ ಸಾದಾ ಯಂತ್ರಕ್ಕೆ ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂಬುದು ನೀವು ನಡೆದಾಗ ಮಾತ್ರ ತಿಳಿಯುತ್ತದೆ. ನಿಂತರೆ ಅದು ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗನಂತೆ ಸುತ್ತಲೂ ನೋಡುತ್ತದೆ. ದಿಕ್ಸೂಚಿ ಇರುವ ಯಂತ್ರವಾದರೆ ಬ್ಯಾಟರಿ ಬದಲಿಸಿದಾಗಲೆಲ್ಲ ಅದನ್ನು ಸರಿಹೊಂದಿಸಿಕೊಳ್ಳಬೇಕು.

ಇನ್ನು ಪರದೆಯ ಮೂಲೆಯಲ್ಲಿ '3 ಮೀಟರ್' ಎಂದು ಬರುತ್ತದಲ್ಲ, ಅದು ತನ್ನ ತಪ್ಪೆಷ್ಟೆಂಬ ಯಂತ್ರದ ಅಂದಾಜು, ಗ್ಯಾರಂಟಿ ಅಲ್ಲ. ಡಬ್ಬಿ ಇಟ್ಟವನ ಯಂತ್ರವೂ ಇಷ್ಟೇ ತಪ್ಪಿರುತ್ತದೆ. ಇಬ್ಬರ ತಪ್ಪೂ ಸೇರಿದರೆ ಹುಡುಕಬೇಕಾದ ಜಾಗ ಒಂದು ರಾಶಿ ಕಣದಷ್ಟಾಯಿತು. ಆದ್ದರಿಂದ ಇಪ್ಪತ್ತು ಮೀಟರ್ ಉಳಿದಾಗ ನಿಧಾನಿಸಿ, ಬಾಣ ತೋರಿದತ್ತ ನೇರ ಗೆರೆಯೊಂದನ್ನು ಕಣ್ಣಲ್ಲೇ ಎಳೆದುಕೊಳ್ಳಬೇಕು. ಬಳಿಕ ಪಕ್ಕಕ್ಕೆ ದೂರ ಸರಿದು ಬೇರೊಂದು ದಿಕ್ಕಿನಿಂದ ಬರಬೇಕು. ಎರಡು ಗೆರೆ ಕೂಡುವಲ್ಲಿ ಯಂತ್ರವನ್ನು ಜೇಬಿಗಿಳಿಸಿ ನೆಲ ನೋಡಬೇಕು. ನಾನು ಪರದೆ ನೋಡುತ್ತಲೇ ಆ ಡಬ್ಬಿಯನ್ನು ಎರಡು ಸಲ ದಾಟಿದ್ದೆ. ಡಬ್ಬಿ ಇಡುವವರು ಒಂದೇ ಸಲ ಗುರುತು ಹಾಕಿ ಏಳಬಾರದು. ಐದಾರು ಸಲ, ಸಾಧ್ಯವಾದರೆ ಬೇರೆ ಬೇರೆ ದಿನ ಗುರುತು ಹಾಕಿ ಸರಾಸರಿ ತೆಗೆಯಬೇಕು.

ಅಕ್ಷಾಂಶ ರೇಖಾಂಶದ ಬರವಣಿಗೆಯಲ್ಲೂ ಎಡವುವವರಿದ್ದಾರೆ. ನಾನೂ ಎಡವಿದ್ದೇನೆ. ಬಾದಾಮಿಯ ಅಕ್ಷಾಂಶ ಹೆಚ್ಚುಕಡಿಮೆ 15° 55.20′. ಈ ಆಟದಲ್ಲಿ ಹೀಗೆ ನಿಮಿಷವನ್ನು ದಶಾಂಶದಲ್ಲಿ ಬರೆಯುವುದು ರೂಢಿ. ನಾನದನ್ನು 55 ನಿಮಿಷ 20 ಸೆಕೆಂಡ್ ಎಂದು ಓದಿಕೊಂಡೆ. ನಿಜಕ್ಕೂ ಅದು 12 ಸೆಕೆಂಡ್. ಎಂಟು ಸೆಕೆಂಡಿನ ವ್ಯತ್ಯಾಸ ನೆಲದ ಮೇಲೆ ಸುಮಾರು 245 ಮೀಟರ್. ಹೋಗಬೇಕಾದ ಜಾಗ ಒಂದು ಕಡೆ, ಜಾಲಿಮುಳ್ಳಿನಲ್ಲಿ ಅಂಗಿ ಹರಿದುಕೊಂಡ ನಾನು ಇನ್ನೊಂದು ಕಡೆ. ಹಳೆಯ ಸರ್ವೆ ನಕ್ಷೆಯಿಂದ ಅಂಕಿ ಎತ್ತಿಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಆ ನಕ್ಷೆಗಳು ಎವರೆಸ್ಟ್ ಹೆಸರಿನ ಹಳೆಯ ಭೂಮಾದರಿಯವು. ಯಂತ್ರ ಡಬ್ಲ್ಯುಜಿಎಸ್ 84 ಎಂಬ ಮಾದರಿಯಲ್ಲಿರುತ್ತದೆ. ಬೆರೆಸಿದರೆ ಜಾಗವೇ ಸರಿದುಹೋಗುತ್ತದೆ.

ಹುನಗುಂದದಲ್ಲಿ ಪಾಸಾದವರು ಬಾದಾಮಿಯಲ್ಲಿ ಫೇಲಾಗುತ್ತಾರೆ. ಆ ಕೆಂಪು ಮರಳುಗಲ್ಲಿನ ಗೋಡೆಗಳ ಬುಡದಲ್ಲಿ ಅರ್ಧ ಆಕಾಶವೇ ಇಲ್ಲ. ಇರುವ ಸಂಕೇತವೂ ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದಕ್ಕೆ ಹೊತ್ತು ಹೆಚ್ಚು ಹಿಡಿಯುವುದರಿಂದ ಉಪಗ್ರಹ ಇನ್ನೂ ದೂರವಿದೆ ಎಂದು ಯಂತ್ರ ನಂಬಿಬಿಡುತ್ತದೆ. ಅಗಸ್ತ್ಯತೀರ್ಥವೆಂಬ ಕೆರೆಯ ಈಶಾನ್ಯಕ್ಕೆ, ತಟ್ಟುಕೋಟೆಯ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆಯಲ್ಲ, ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಮಾದರಿ, ಅದನ್ನೇ ಗುರಿಯಾಗಿಟ್ಟುಕೊಂಡು ಹೊರಟೆ. ಒಂದು ಕಲ್ಲಿನ ಮೇಲೆ ಕೊಂಚವೂ ಅಲುಗದೆ ಕೂತಿದ್ದೆ. ಪರದೆಯಲ್ಲಿ ಮಾತ್ರ ನನ್ನ ಜಾಡು ಸಂತೆ ಮುಗಿಸಿ ಬರುವ ಕುಡುಕನದು: ಒಮ್ಮೆ ಗುಡ್ಡದೊಳಗೆ, ಒಮ್ಮೆ ಕೆರೆಯ ನಡುವೆ. ಅಂಥ ಕಡೆ ಬಂಡೆಯಿಂದ ದೂರ ಸರಿದು ಬಯಲಿನಲ್ಲಿ ಸ್ಥಾನ ಹಿಡಿದು, ಉಳಿದ ದೂರವನ್ನು ದಿಕ್ಕು ನೋಡಿ ಹೆಜ್ಜೆ ಎಣಿಸಿ ಮುಟ್ಟುವುದೇ ದಾರಿ. ಯಾವ ಬಂಡೆ ಎಂದು ಗೊತ್ತಾದ ಮೇಲೂ ಅಕ್ಷರ ಕಾಣಲಿಲ್ಲ. ಬಿಸಿಲು ಓರೆಯಾಗುವವರೆಗೆ ಕಾದೆ.

ಬಾಗಲಕೋಟೆಯವರಿಗೆ ಎತ್ತರದ ಅಂಕಿಯ ಬಗ್ಗೆ ಒಂದು ಮಾತು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಅವರಿಗೆ 519.60, 524.256 ಮೀಟರ್ ಎಂಬ ಅಣೆಕಟ್ಟೆಯ ನೀರಿನ ಮಟ್ಟಗಳು ಮಗ್ಗಿಯಷ್ಟೇ ಬಾಯಿಪಾಠ. ಹೊಳೆ ದಂಡೆಯಲ್ಲಿ ನಿಂತು ಯಂತ್ರದ ಎತ್ತರ ನೋಡಿ ಜಗಳಕ್ಕೆ ಹೋಗಬೇಡಿ. ಜಿಪಿಎಸ್ ಎತ್ತರದಲ್ಲಿ ಅಡ್ಡಳತೆಗಿಂತ ಹೆಚ್ಚು ತಪ್ಪುತ್ತದೆ. ಅದು ಮೂಲತಃ ಅಳೆಯುವುದು ಲೆಕ್ಕಕ್ಕೆಂದು ಕಲ್ಪಿಸಿದ ಭೂಮಾದರಿಯ ಮೈಯಿಂದ, ಸಮುದ್ರಮಟ್ಟದಿಂದಲ್ಲ. ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ ಹತ್ತಾರು ಮೀಟರ್ ಅಂತರವಿದೆ. ಯಂತ್ರ ಅದನ್ನು ಒಳಗೊಳಗೇ ತಿದ್ದಿ ತೋರಿಸುತ್ತದೆ, ಆದರೂ ಮುಳುಗಡೆಯ ಗೆರೆ ಎಳೆಯುವ ಯೋಗ್ಯತೆ ಅದಕ್ಕಿಲ್ಲ.

ಬಾದಾಮಿಯಲ್ಲಿ ಡಬ್ಬಿ ಇಡಬೇಕೆನ್ನುವವರಿಗೆ ನನ್ನ ಸಲಹೆ: ಇಡಬೇಡಿ. ಗುಹೆ, ಗುಡಿ, ಕೋಟೆಗಳ ಆವರಣ ಪುರಾತತ್ವ ಇಲಾಖೆಯದು. ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆದು ಹೂಳುವುದು ಆಟದ ನಿಯಮಕ್ಕೂ ವಿರುದ್ಧ. ಜಾಗದ ಒಡೆಯರ ಒಪ್ಪಿಗೆಯಂತೂ ಎಲ್ಲಿಯಾದರೂ ಬೇಕು. ಮತ್ತೆ ಬಾದಾಮಿಯ ಮಂಗಗಳಿವೆ. ಅವಕ್ಕೆ ಅಕ್ಷಾಂಶ ಬೇಕಿಲ್ಲ. 2004ರಿಂದ ಅರ್ಥ್‌ಕ್ಯಾಶ್ ಎಂಬ ಬಗೆಯೊಂದಿದೆ. ಅದರಲ್ಲಿ ಡಬ್ಬಿಯೇ ಇಲ್ಲ. ಸ್ಥಾನಕ್ಕೆ ಹೋಗಿ, ಬಂಡೆಯ ಪದರ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ಬಾದಾಮಿಗೆ ಒಪ್ಪುವುದು ಅದೇ. ಉಪಗ್ರಹದ ಮೂಲಕ ಸಂದೇಶವನ್ನೂ ಕಳಿಸುವ ದುಬಾರಿ ಯಂತ್ರ ತರುವವರು ಜೋಕೆ, ಅದಕ್ಕೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಬೇಕು.

ಅಜ್ಜನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಮಾತು ಮುಗಿಯುವ ಮೊದಲೇ ಅವನಿಗೆ ಆಸಕ್ತಿ ಹೋಗಿತ್ತು. 'ರೊಕ್ಕಿಲ್ಲ ಅಂದಮ್ಯಾಲ ಯಾಕ ಹುಡಕ್ತೀರಿ?' ಎಂದು ಕುರಿ ಹೊಡೆದುಕೊಂಡು ಹೋದ.

ಮೊನ್ನೆ ಹುನಗುಂದದ ಆ ಹೊಲಕ್ಕೆ ಮತ್ತೆ ಹೋಗಿದ್ದೆ. ಡಬ್ಬಿ ಇದ್ದಲ್ಲಿ ಇರಲಿಲ್ಲ. ಟ್ರ್ಯಾಕ್ಟರ್ ಬಂದಾಗ ಯಾರೋ ಎತ್ತಿ ಬನ್ನಿಗಿಡದ ಬುಡಕ್ಕೆ ಇಟ್ಟಿದ್ದರು. ಮೂಲ ಗುರುತಿನಿಂದ 14 ಮೀಟರ್. ತೆರೆದು ನೋಡಿದೆ. ನೋಟ್‌ಬುಕ್ ಇತ್ತು, ಸೀರೆಯ ತುಂಡು ಇತ್ತು. ಪೆನ್ಸಿಲ್ ಇರಲಿಲ್ಲ. ಅದರ ಜಾಗದಲ್ಲಿ ಯಾರದೋ ಸುಣ್ಣದ ಡಬ್ಬಿ ಇತ್ತು.